ಹಳೆಯ ದಫ್ತರಕ್ಕೆ ಬೆಲೆ ಕಟ್ಟುವ ಬಗೆ

ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹಾದಿಯಲ್ಲಿರುವ ಬೊಮ್ಮಸಂದ್ರವು ಹಿಂದೆ ಹೊಲಗದ್ದೆಗಳ ಗ್ರಾಮ. ಇಂದು ಕಾರ್ಖಾನೆಗಳ ಊರು. ಅಲ್ಲಿ ನಿವೇಶನವೊಂದನ್ನು ಕೊಳ್ಳಹೊರಟ ಗೃಹಸ್ಥರು ನೆಲದ ಬೆಲೆಗಿಂತ ಮೊದಲು ಅದರ ಚರಿತ್ರೆಯನ್ನು ವಿಚಾರಿಸಬೇಕು. ಅದು ಯಾರಿಂದ ಯಾರಿಗೆ ಬಂದಿತು? ಅದರ ಮೇಲೆ ಸಾಲವುಂಟೆ? ಪಾಲುಗಾರರೆಲ್ಲರೂ ರುಜು ಹಾಕಿರುವರೆ?

ಕ್ರಯಪತ್ರವು ರಿಜಿಸ್ಟರಾದೊಡನೆ ಸ್ವತ್ತು ನಿಷ್ಕಂಟಕವಾಯಿತೆಂದು ನಾವು ನಂಬುವುದುಂಟು. ಆದರೆ ೧೯೦೮ನೆಯ ರಿಜಿಸ್ಟ್ರೇಷನ್ ಆಕ್ಟು ಪತ್ರವನ್ನು ದಾಖಲು ಮಾಡುತ್ತದೆಯೇ ಹೊರತು, ಮಾರಿದವನ ಹಕ್ಕಿಗೆ ಜಾಮೀನು ನಿಲ್ಲುವುದಿಲ್ಲ. ಹಕ್ಕನ್ನು ಶೋಧಿಸುವ ಹೊಣೆ ಕೊಳ್ಳುವವರದೇ.

ಅಮೆರಿಕದಲ್ಲಿ ಈ ಶೋಧನೆಯನ್ನು ಹಕ್ಕುವಿಮೆಯ ಕಂಪೆನಿಗಳು ನಡೆಸುತ್ತವೆ. ಕ್ರಯ, ಅಡಮಾನ, ತೀರ್ಪು ಮುಂತಾದ ದಾಖಲೆಗಳ ಸಾರವನ್ನು ಅವು ತಮ್ಮದೇ ಭಂಡಾರದಲ್ಲಿ, ಒಂದೊಂದು ತುಂಡು ನೆಲಕ್ಕೆ ಒಂದೊಂದು ಸೂಚಿಯಂತೆ, ಜೋಡಿಸಿಡುತ್ತವೆ. ೧೮೭೧ರಲ್ಲಿ ಷಿಕಾಗೋ ನಗರವು ಬೆಂಕಿಗೆ ಆಹುತಿಯಾದಾಗ ಸರ್ಕಾರದ ಭೂದಾಖಲೆಗಳು ಬೂದಿಯಾದುವು. ಖಾಸಗಿ ಸಂಸ್ಥೆಗಳು ಹೇಗೋ ಉಳಿಸಿಕೊಂಡ ಸೂಚಿಪುಸ್ತಕಗಳೇ ಮುಂದೆ ಜನರ ಹಕ್ಕಿಗೆ ಆಧಾರವಾದುವು.

ಇಂಥ ಭಂಡಾರದ ಬೆಲೆಯೆಷ್ಟು? ಯಂತ್ರವು ದುಡಿದಷ್ಟೂ ಸವೆಯುತ್ತದೆ. ಆದಕಾರಣ ವರ್ಷವರ್ಷವೂ ಅದರ ಬೆಲೆಯಲ್ಲಿ ಸವಕಲನ್ನು ಕಳೆಯುತ್ತಾರೆ. ದಾಖಲೆಗಳ ಭಂಡಾರವಾದರೋ ಬಳಸಿದುದರಿಂದ ಸವೆಯದು. ಆದುದರಿಂದ ೧೯೮೨ರಲ್ಲಿ ಅಲ್ಲಿಯ ಲೆಕ್ಕಶಾಸ್ತ್ರಜ್ಞರು ಗೊತ್ತುಮಾಡಿದ ನಿಯಮದಂತೆ, ಭಂಡಾರವನ್ನು ಕಟ್ಟಿದ ವೆಚ್ಚವು ಆಸ್ತಿಯೆಂದು ನಿಲ್ಲುತ್ತದೆ, ಸವಕಲು ಕಳೆಯುವುದಿಲ್ಲ. ದಿನದಿನದ ದಾಖಲೆ ಸೇರಿಸುವ ವೆಚ್ಚ ಮಾತ್ರ ಆಯಾ ವರ್ಷದ ಖರ್ಚು. ಆದರೆ ಆ ದಿನಚರಿಯ ಕೆಲಸ ನಿಂತು ಭಂಡಾರವು ಕಾಲದಿಂದ ಹಿಂದೆಬಿದ್ದರೆ ಬೆಲೆಯನ್ನು ಇಳಿಸಲೇಬೇಕು. ಎಂದರೆ, ಬೆಲೆಯಿರುವುದು ಕಾಗದಕ್ಕಲ್ಲ. ಪೂರ್ಣತೆಗೆ, ಕ್ರಮಕ್ಕೆ, ತಪ್ಪದ ಪಾಲನೆಗೆ.

ಈ ಒರೆಗಲ್ಲಿಗೆ ನಮ್ಮ ದಫ್ತರಗಳನ್ನು ಹಚ್ಚಿ ನೋಡೋಣ. ಕರ್ನಾಟಕದಲ್ಲಿ ೨೦೦೪ರಿಂದೀಚಿನ ಋಣಭಾರದ ವಿವರವು ಗಣಕಯಂತ್ರದಲ್ಲಿ ದೊರೆಯುತ್ತದೆ. ಅದಕ್ಕೂ ಹಿಂದಿನದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯ ಹಳೆಯ ಪುಸ್ತಕಗಳಲ್ಲಿ ಹುಡುಕಬೇಕಾಗುತ್ತದೆ. ಬಾಯಿಮಾತಿನ ಪಾಲುಪಟ್ಟಿ, ರಿಜಿಸ್ಟರಾಗದ ಉಯಿಲು ಇವು ಆ ಪತ್ರದಲ್ಲಿ ಕಾಣವು. ಪಹಣಿಯನ್ನೂ ನ್ಯಾಯಾಲಯದ ಕಡತವನ್ನೂ ಬೇರೆಯಾಗಿಯೇ ನೋಡಬೇಕು. ೨೦೧೬ನೆಯ ರಿಯಲ್ ಎಸ್ಟೇಟ್ ಆಕ್ಟು, ಸರ್ಕಾರವು ಪ್ರಕಟಿಸಿದ ಪಕ್ಷದಲ್ಲಿ, ನಿರ್ಮಾಪಕರು ನೆಲದ ಹಕ್ಕಿಗೆ ವಿಮೆ ಮಾಡಿಸತಕ್ಕದ್ದೆಂದು ವಿಧಿಸಿದೆ. ಆದರೆ ಚದುರಿದ ದಾಖಲೆಗಳನ್ನು ಒಂದೆಡೆ ಹೊಂದಿಸದೆ ಯಾವ ವಿಮೆಗಾರನು ಧೈರ್ಯವಾಗಿ ಮಾತು ಕೊಟ್ಟಾನು?

ಕಚೇರಿಯ ಮೂಲೆಯಲ್ಲಿ ಹುಳು ಹಿಡಿದ ಒಂದು ಹಾಳೆ, ಯಾವುದೋ ಸಂಸಾರದ ಇಡೀ ಜೀವಮಾನದ ಉಳಿತಾಯಕ್ಕೆ ಏಕಮಾತ್ರ ಸಾಕ್ಷಿಯಾಗಿರಬಹುದು. ದಫ್ತರದ ನಿಜವಾದ ಬೆಲೆಯನ್ನು ನಾವು ಅಲ್ಲಿಂದ ಎಣಿಸತೊಡಗಬೇಕು.