ಎಂಜಿನ್ನಿನೊಳಗಿನ ಸರಪಳಿ

ನಮ್ಮ ಬೀದಿಯ ವೈದ್ಯರೊಬ್ಬರ ಕಾರು ಬೆಳಿಗ್ಗೆ ಸ್ಟಾರ್ಟು ಮಾಡಿದೊಡನೆ ಎರಡು ಮೂರು ಕ್ಷಣ ಗಲಗಲ ಸದ್ದು ಮಾಡಿ ಆಮೇಲೆ ಸುಮ್ಮನಾಗುತ್ತಿತ್ತು. "ಹಳೆಯ ಗಾಡಿ ಮೇಷ್ಟ್ರೇ, ಕೆಮ್ಮುತ್ತದೆ" ಎಂದು ಅವರು ನಗುತ್ತಿದ್ದರು. ಒಂದು ದಿನ ಕಾರು ನಡುದಾರಿಯಲ್ಲೇ ನಿಂತಿತು. ಬಿಚ್ಚಿ ನೋಡಿದರೆ ನಾಲ್ಕು ವಾಲ್ವುಗಳು ಬಾಗಿದ್ದುವು. ಕೆಮ್ಮು ಕೇಳಿ ರೋಗ ಹೇಳುವವರು ಈ ಕೆಮ್ಮಿಗೆ ಮಾತ್ರ ಕಿವಿಗೊಟ್ಟಿರಲಿಲ್ಲ.

ಆ ಸದ್ದು ಟೈಮಿಂಗ್ ಸರಪಳಿಯದು. ಪಿಸ್ಟನ್ನುಗಳ ಏರಿಳಿತದಿಂದ ತಿರುಗುವ ದಂಡ ಕ್ರ್ಯಾಂಕ್ ಶಾಫ್ಟ್. ಗಾಳಿಯನ್ನು ಒಳಗೆ ಬಿಡುವ, ಹೊಗೆಯನ್ನು ಹೊರಗೆ ಕಳುಹಿಸುವ ವಾಲ್ವುಗಳನ್ನು ತೆರೆಯುವ ದಂಡ ಕ್ಯಾಮ್ ಶಾಫ್ಟ್. ಇವೆರಡರ ಹಲ್ಲುಚಕ್ರಗಳನ್ನು ಈ ಸರಪಳಿ ಕೂಡಿಸುತ್ತದೆ. ಮೊದಲನೆಯದು 2 ಸುತ್ತು ತಿರುಗಿದರೆ ಎರಡನೆಯದು 1 ಸುತ್ತು. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೊಂದು ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚಬೇಕು. ಮೃದಂಗದವರ ಬೆರಳಿಗೂ ಎಟುಕದ ಲೆಕ್ಕ! ಅಂಬಾಸಡರಿನ ಹಳೆಯ 1489 ಸಿ.ಸಿ. ಎಂಜಿನ್ನಿನಲ್ಲಿ ಈ ಸರಪಳಿ ಗಿಡ್ಡ; ಕ್ಯಾಮ್ ಶಾಫ್ಟ್ ಎಂಜಿನ್ನಿನ ತಲೆಯ ಮೇಲಿರುವ ಇಂದಿನ ಕಾರುಗಳಲ್ಲಿ ಉದ್ದ. ಮಾರುತಿ 800ರಲ್ಲಿ ಇದರ ಬದಲು ಹಲ್ಲುಳ್ಳ ಬೆಲ್ಟು ಇತ್ತು.

ಎಷ್ಟೋ ಎಂಜಿನ್ನುಗಳಲ್ಲಿ ತೆರೆದ ವಾಲ್ವು ಇಳಿದು ನಿಲ್ಲುವ ಜಾಗಕ್ಕೇ ಪಿಸ್ಟನ್ನೂ ಏರಿ ಬರುತ್ತದೆ. ಆದರೆ ಒಂದೇ ಹೊತ್ತಿಗಲ್ಲ. ಈ ಸರದಿಯನ್ನು ಕಾಯುವುದು ಸರಪಳಿ. ಅದು ಸಡಿಲವಾಗಿ ಕೆಲವು ಹಲ್ಲು ಹಾರಿದರೆ, ಅಥವಾ ಕಡಿದೇಹೋದರೆ, ಇನ್ನೂ ಮುಚ್ಚದ ವಾಲ್ವಿಗೆ ಪಿಸ್ಟನ್ ಬಡಿಯುತ್ತದೆ. ವಾಲ್ವಿನ ತೆಳುವಾದ ಕಾಂಡ ಬಾಗುತ್ತದೆ. ಎರಡಕ್ಕೂ ನಡುವೆ ಎಡೆಯಿಟ್ಟು ಕಟ್ಟಿದ ಎಂಜಿನ್ನುಗಳೂ ಉಂಟು. ಅವಕ್ಕೆ ಈ ಭಯವಿಲ್ಲ.

ಸರಪಳಿ "ಹಿಗ್ಗಿದೆ" ಎನ್ನುವುದು ಮೆಕ್ಯಾನಿಕ್ಕುಗಳ ರೂಢಿ. ಪಂಡಿತನ ಕಿವಿಗೆ ಈ ಪ್ರಯೋಗ ಒಪ್ಪದು: ಉಕ್ಕು ರಬ್ಬರಿನಂತೆ ಹಿಗ್ಗುವುದಿಲ್ಲ. ಒಂದೊಂದು ಕೊಂಡಿಯ ಕೀಲೂ ತುಸುತುಸುವೇ ಸವೆದು, ಎಲ್ಲ ಸವೆತವೂ ಕೂಡಿ ಸರಪಳಿ ಉದ್ದವಾಗುತ್ತದೆ. ಈ ಸಡಿಲವನ್ನು ಬಿಗಿಹಿಡಿಯುವ ಟೆನ್ಷನರ್ ಎಂಬ ಭಾಗ ಹಲವು ಕಾರುಗಳಲ್ಲಿ ಎಂಜಿನ್ ಆಯಿಲಿನ ಒತ್ತಡದಿಂದಲೇ ಕೆಲಸಮಾಡುತ್ತದೆ. ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಆಯಿಲು ಕೆಳಗಿಳಿದಿರುತ್ತದೆ. ಒತ್ತಡ ಏರುವ ತನಕ ಸವೆದ ಸರಪಳಿ ಅಲುಗಾಡಿ ಬಡಿದುಕೊಳ್ಳುತ್ತದೆ. ವೈದ್ಯರು ಕೇಳಿದ್ದು ಇದನ್ನೇ. ಆಯಿಲು ಕಡಮೆಯಾದರೆ, ಕಾಲಕ್ಕೆ ಬದಲಾಯಿಸದೆ ಕೊಳೆಯಾದರೆ, ಸವೆತ ಬೇಗ. ಸರಪಳಿ ಕಾರಿನಷ್ಟೇ ಬಾಳುತ್ತದೆಂಬ ಮಾತನ್ನು ನಂಬಿ ಆಯಿಲನ್ನು ಮರೆಯುವವರುಂಟು.

ಇಂಥ ಸದ್ದು ಕೇಳಿಸಿದರೆ ತಡಮಾಡದೆ ತೋರಿಸಿರಿ. ಓಡುತ್ತಿದ್ದ ಎಂಜಿನ್ ತಟ್ಟನೆ ನಿಂತರೆ ಮತ್ತೆ ಮತ್ತೆ ಸ್ಟಾರ್ಟು ಮಾಡಬೇಡಿರಿ. ಉಳಿದ ವಾಲ್ವುಗಳಿಗೂ ಪೆಟ್ಟು ಬಿದ್ದೀತು. ವೈದ್ಯರು ಆ ದಿನ ಆರೇಳು ಸಲ ಕೀ ತಿರುಗಿಸಿ ನೋಡಿದ್ದರಂತೆ.