ಬಟವಾಡಿಯ ಸಣ್ಣ ಅಂಗಡಿಗೆ ಕಡಿಮೆ ಖರ್ಚಿನ ಪ್ರಚಾರ

ಮೋಟಾರ್ ರಿವೈಂಡಿಂಗ್, ಮಿಕ್ಸಿ ರಿಪೇರಿ, ನಲ್ಲಿ ಕೆಲಸಗಳಿಗೆ ಗಿರಾಕಿಗಳು ಹೆಚ್ಚಾಗಿ ಹತ್ತಿರದವರೇ. ತುಮಕೂರಿನ ಬಟವಾಡಿಯಲ್ಲಿ ಇಂಥ ಅಂಗಡಿ ಇಟ್ಟವರು ಇಡೀ ಜಿಲ್ಲೆಗೆ ಸಾರಬೇಕಿಲ್ಲ. ಆದರೆ ಇಲ್ಲಿ ಎಪಿಎಂಸಿ ಯಾರ್ಡ್ ಇದೆ. ಮಾಲು ಹಾಕಲು ಬಂದ ರೈತರೇ ಸುಟ್ಟ ಪಂಪ್‌ಸೆಟ್ ಮೋಟಾರನ್ನೂ ತರಬಲ್ಲರು. ರಿಪೇರಿಯಾದ ಮೋಟಾರಿನ ಮೇಲೆ ಅಂಗಡಿಯ ಹೆಸರು, ಫೋನ್ ನಂಬರ್, ಕೆಲಸ ಮುಗಿದ ತಾರೀಖು ಇರುವ ಚಿಕ್ಕ ಸ್ಟಿಕರ್ ಅಂಟಿಸಿದರೆ ಅದು ಊರು ಸೇರುತ್ತದೆ. ಪಕ್ಕದ ತೋಟದವನ ಮೋಟಾರ್ ಕೆಟ್ಟಾಗ ಕಣ್ಣಿಗೆ ಬೀಳುವುದು ಆ ನಂಬರೇ. ಸಣ್ಣ ಬಂಡವಾಳಕ್ಕೆ ಇದಕ್ಕಿಂತ ಒಳ್ಳೆಯ ಜಾಹೀರಾತು ಸಿಗುವುದು ಕಷ್ಟ.

ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ಸೇರಿಸಲು ಕಾಸು ಬೇಕಿಲ್ಲ. ಹೆಸರನ್ನು ಬೋರ್ಡಿನಲ್ಲಿ ಇದ್ದಂತೆಯೇ ಕೊಟ್ಟು, ತೆರೆಯುವ ವೇಳೆ, ಮುಂಭಾಗದ ಫೋಟೋ ಹಾಕಿ, ಮಾಲೀಕತ್ವ ದೃಢಪಡಿಸಿದರಾಯಿತು. ಕೆಲಸ ಮೆಚ್ಚಿದ ಗಿರಾಕಿಯಿಂದ ಅಲ್ಲೇ ಎರಡು ಸಾಲು ಅಭಿಪ್ರಾಯ ಬರೆಸಿಕೊಳ್ಳುವುದು ಲೇಸು. ದುಡ್ಡು ಕೊಟ್ಟು ಬರೆಸುವುದು ಗೂಗಲ್ ನಿಯಮಕ್ಕೆ ವಿರುದ್ಧ. 2018ರಲ್ಲಿ ಬಂದ ವಾಟ್ಸ್‌ಆ್ಯಪ್ ಬಿಸಿನೆಸ್ ಕೂಡ ಸಣ್ಣ ಅಂಗಡಿಗಳಿಗೆ ಉಚಿತ. ಕೆಲಸಗಳ ಪಟ್ಟಿಯನ್ನೂ ದರವನ್ನೂ ಅದರಲ್ಲಿ ಇಡಬಹುದು.

ಕರಪತ್ರ ಹಂಚುವುದಾದರೆ ಪೇಪರ್ ಏಜೆಂಟರನ್ನು ಹಿಡಿದು, ಸುತ್ತಲಿನ ಬಡಾವಣೆಗಳಿಗೆ ಹೋಗುವ ಪತ್ರಿಕೆಗಳ ಒಳಗೆ ಮಾತ್ರ ಇಡಿಸಬೇಕು. ಪ್ಲಾಸ್ಟಿಕ್ ಫ್ಲೆಕ್ಸ್‌ಗೆ ರಾಜ್ಯದಲ್ಲಿ 2016ರಿಂದ ನಿಷೇಧವಿದೆ. ಸಾರ್ವಜನಿಕ ಗೋಡೆಗೆ ಅನುಮತಿಯಿಲ್ಲದೆ ಪೋಸ್ಟರ್ ಅಂಟಿಸುವುದು 1981ರ ಕಾಯ್ದೆಯಂತೆ ಅಪರಾಧ. ಅಂಗಡಿಯ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು ರಾಜ್ಯದ ಕನ್ನಡ ಭಾಷಾ ಕಾಯ್ದೆಯ 2024ರ ತಿದ್ದುಪಡಿ ಹೇಳುತ್ತದೆ; ಹಳ್ಳಿಯಿಂದ ಬರುವ ಗಿರಾಕಿಗೂ ಓದಲು ಅದೇ ಅನುಕೂಲ.