ಫೋಟೊ ಕುಗ್ಗಿದರೂ ಕಣ್ಣಿಗೇಕೆ ತಿಳಿಯದು?

ಪ್ರಶ್ನೆ: ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಫೋಟೊದ ಗಾತ್ರ ಇಳಿದರೂ ಚಿತ್ರ ಚೆನ್ನಾಗಿಯೇ ಕಾಣುತ್ತದಲ್ಲ, ಹೇಗೆ?

ಉತ್ತರ: 12 ಮೆಗಾಪಿಕ್ಸೆಲ್ ಚಿತ್ರವೆಂದರೆ 1.2 ಕೋಟಿ ಚುಕ್ಕೆಗಳು. ಚುಕ್ಕೆಗೆ 3 ಬೈಟ್‌ನಂತೆ ಸುಮಾರು 36 ಎಂಬಿ. ಕುಗ್ಗಿಸುವಾಗ ಮೊದಲು ಚುಕ್ಕೆಗಳ ಸಂಖ್ಯೆ ಇಳಿಯುತ್ತದೆ. ಬಳಿಕ ಜೆಪೆಗ್ ವಿಧಾನವು ಚಿತ್ರವನ್ನು 8×8 ಚುಕ್ಕೆಗಳ ಚೌಕಗಳಾಗಿ ವಿಂಗಡಿಸಿ, ಕಣ್ಣಿಗೆ ಸುಲಭವಾಗಿ ಕಾಣದ ಸೂಕ್ಷ್ಮ ವಿವರಗಳನ್ನು ಕೈಬಿಡುತ್ತದೆ. ಬೆಳಕಿನ ಏರಿಳಿತವನ್ನು ಗುರುತಿಸುವಷ್ಟು ಚುರುಕಾಗಿ ನಮ್ಮ ಕಣ್ಣು ಬಣ್ಣದ ಸಣ್ಣ ವ್ಯತ್ಯಾಸವನ್ನು ಗುರುತಿಸದು. ಹಾಗಾಗಿ ಬಣ್ಣದ ಮಾಹಿತಿಗೇ ಹೆಚ್ಚು ಕತ್ತರಿ. ಜೆಪೆಗ್ ವಿಧಾನದ ಹಿಂದಿರುವ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂಬ ಗಣಿತವನ್ನು 1974ರಲ್ಲಿ ಇಬ್ಬರು ಸಹ ಸಂಶೋಧಕರೊಡನೆ ಪ್ರಕಟಿಸಿದವರು ಬೆಂಗಳೂರಿನಲ್ಲಿ ಹುಟ್ಟಿದ ನಾಸಿರ್ ಅಹ್ಮದ್. ಇದು ನಮಗೆ ಹೆಮ್ಮೆಯ ಸಂಗತಿ.

ಒಮ್ಮೆ ಕೈಬಿಟ್ಟ ವಿವರ ಮರಳಿ ಬಾರದು. ಹಾಗಾಗಿ ಮುದ್ರಿಸಬೇಕಾದ ಫೋಟೊವನ್ನು ಕುಗ್ಗದಂತೆ ‘ಡಾಕ್ಯುಮೆಂಟ್’ ಆಗಿ ಕಳಿಸಿ, ಮೂಲ ಪ್ರತಿಯನ್ನು ಜೋಪಾನವಾಗಿಡಿ.